ಬೂದಿಯ ಬೆಟ್ಟವೂ ನಮ್ಮ ಎರೆಭೂಮಿಯೂ

ಅಕ್ಕಲಕೋಟೆ ಸೀಮೆಯ ಕನ್ನಡ ಶಾಲೆಗಳಲ್ಲಿ ಕಲಿತವರಿಗೆ ಜ್ವಾಲಾಮುಖಿ ಎಂಬುದು ಭೂಗೋಳದ ಪುಸ್ತಕದಲ್ಲಿ ಕಾಣುವ ಒಂದು ಚಿತ್ರ ಮಾತ್ರ. ಶಂಕುವಿನಾಕಾರದ ಪರ್ವತ, ಅದರ ತುದಿಯಲ್ಲಿ ಹೊಗೆ, ಬದಿಯಲ್ಲಿ ಕೆಂಪು ಬಣ್ಣದಿಂದ ಬರೆದ ಲಾವಾರಸ. ಪರೀಕ್ಷೆಗೆ ಮೂರು ಬಗೆಯ ಜ್ವಾಲಾಮುಖಿಗಳ ಹೆಸರನ್ನು ಬರೆದರೆ ಪಾಠ ಮುಗಿಯಿತು. ಅದು ದೂರದ ದೇಶಗಳಿಗೆ ಸೇರಿದ ಸಂಗತಿ, ಬಯಲುನಾಡಿನವರಾದ ನಮಗೂ ಅದಕ್ಕೂ ಸಂಬಂಧವಿಲ್ಲ ಎಂಬ ಭಾವನೆ ನಮ್ಮಲ್ಲಿ ಸಹಜವಾಗಿ ಬೇರೂರಿರುತ್ತದೆ. ಆದರೆ ನಮ್ಮ ಊರ ಮನೆಗಳ ಗೋಡೆಯ ಕರಿಕಲ್ಲು, ಅಜ್ಜಿಯಂದಿರು ಜೋಳ ಬೀಸುತ್ತಿದ್ದ ಬೀಸುವ ಕಲ್ಲು, ಅಂಗಳದ ಒರಳು, ಬೇಸಗೆಯಲ್ಲಿ ಬಾಯಿಬಿಡುವ ಹೊಲದ ಎರೆಮಣ್ಣು, ಇವೆಲ್ಲವೂ ಜ್ವಾಲಾಮುಖಿಯ ಸಂತಾನವೇ ಆಗಿವೆ.

ಕೆಲಸದ ನಿಮಿತ್ತ ಜಪಾನಿಗೆ ಹೋಗಿದ್ದಾಗ ಆ ದೇಶದ ದಕ್ಷಿಣದ ಕಾಗೋಶಿಮಾ ನಗರವನ್ನು ನೋಡುವ ಅವಕಾಶ ನನಗೆ ದೊರೆಯಿತು. ಆ ನಗರದ ನಡುವೆಯೇ ಇರುವ ಶಿರೋಯಾಮಾ ಎಂಬ ಬೆಟ್ಟವು ಒಂದು ಪ್ರಕೃತಿ ಉದ್ಯಾನ. ಅಲ್ಲಿಂದ ಸಕುರಾಜಿಮಾ ಎಂಬ ಜೀವಂತ ಜ್ವಾಲಾಮುಖಿ ಕೈಗೆ ಎಟುಕುವಂತೆ ಕಾಣುತ್ತದೆ. ಅಲ್ಲಿ ಕಂಡದ್ದನ್ನೂ ಅದರಿಂದ ತಿಳಿದದ್ದನ್ನೂ ಪ್ರವಾಸಕಥನವಾಗಿ ಬರೆಯುವ ಬದಲು ಒಂದು ಪಾಠದ ರೂಪದಲ್ಲಿ ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಒಪ್ಪಿಸುತ್ತಿದ್ದೇನೆ. ಪಾಠದ ತಿರುಳು ಇಷ್ಟೇ: ತಾನು ನಿಂತ ನೆಲವನ್ನು ಓದಬಲ್ಲವನೇ ನಿಜವಾದ ಅಕ್ಷರಸ್ಥ.

1. ಬೆಟ್ಟ ಮತ್ತು ಅದರ ಕಾಡು

ಶಿರೋಯಾಮಾ ಎಂದರೆ ಜಪಾನಿ ಭಾಷೆಯಲ್ಲಿ ಕೋಟೆಯ ಬೆಟ್ಟ ಎಂದರ್ಥ. ಎತ್ತರ ಕೇವಲ 107 ಮೀಟರ್. ಬೆಟ್ಟದ ಬುಡದಲ್ಲಿ ಸತ್ಸುಮಾ ಸೀಮೆಯ ಶಿಮಾಜು ಅರಸರು 17ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಕೋಟೆಯ ಕಲ್ಲಿನ ಗೋಡೆಗಳು ಉಳಿದಿವೆ. 1877ರಲ್ಲಿ ಹೊಸ ಸರಕಾರದ ವಿರುದ್ಧ ದಂಗೆಯೆದ್ದ ಸಾಯ್ಗೋ ತಕಮೋರಿ ಎಂಬ ವೀರನು ಅಳಿದುಳಿದ ತನ್ನ ಕೆಲವು ನೂರು ಜನರೊಂದಿಗೆ ಈ ಬೆಟ್ಟದಲ್ಲಿಯೇ ಕೊನೆಯ ಹೋರಾಟ ನಡೆಸಿ ಸೆಪ್ಟೆಂಬರ್ 24ರಂದು ಮಡಿದನು. ಅವನು ಕೊನೆಯ ದಿನಗಳಲ್ಲಿ ತಂಗಿದ್ದ ಗವಿಯನ್ನು ಈಗಲೂ ತೋರಿಸುತ್ತಾರೆ. ಆ ನಾಡಿನವರಿಗೆ ಈ ಬೆಟ್ಟ ನಮ್ಮವರಿಗೆ ಕಿತ್ತೂರು, ನರಗುಂದಗಳು ಇರುವ ಹಾಗೆ.

ಕೋಟೆಯ ಬೆಟ್ಟವಾದ್ದರಿಂದ ಇಲ್ಲಿಯ ಕಾಡಿಗೆ ಕೊಡಲಿ ಬಿದ್ದದ್ದು ಕಡಿಮೆ. ಬೆಚ್ಚನೆಯ ಹವೆಯಲ್ಲಿ ಬೆಳೆಯುವ ಸುಮಾರು 600 ಬಗೆಯ ಸಸ್ಯಗಳು ಈ ಪುಟ್ಟ ಬೆಟ್ಟದಲ್ಲಿವೆ ಎಂದು ಹೇಳುತ್ತಾರೆ. 1931ರಲ್ಲಿ ಜಪಾನ್ ಸರಕಾರವು ಇದನ್ನು ಐತಿಹಾಸಿಕ ಸ್ಥಳವೆಂದೂ ನೈಸರ್ಗಿಕ ಸ್ಮಾರಕವೆಂದೂ ಘೋಷಿಸಿತು. ಬುಡದಿಂದ ಮೇಲಕ್ಕೆ ಕಾಲುದಾರಿಯುಂಟು. ಭಾರಿ ಗಾತ್ರದ ಕರ್ಪೂರದ ಮರಗಳು, ಅವುಗಳ ಕೊಂಬೆಗಳಿಗೆ ಹಬ್ಬಿದ ಬಳ್ಳಿಗಳು, ನೆರಳಿನಲ್ಲಿ ಸೊಂಪಾಗಿ ಬೆಳೆದ ಜರೀಗಿಡಗಳು, ಇವುಗಳ ನಡುವೆ ಹತ್ತುವಾಗ ಆರು ಲಕ್ಷದಷ್ಟು ಜನರಿರುವ ನಗರದ ಮಧ್ಯದಲ್ಲಿದ್ದೇವೆ ಎಂಬುದೇ ಮರೆತುಹೋಗುತ್ತದೆ.

ದಾರಿಯ ಬದಿಯಲ್ಲಿ ಮಣ್ಣು ಕಡಿದ ಕಡೆ ಬೆಳ್ಳಗೆ, ಸ್ವಲ್ಪ ಬೂದುಬಣ್ಣಕ್ಕೆ ತಿರುಗಿದ ದಿಬ್ಬ ಕಾಣಿಸುತ್ತದೆ. ಕೈಯಲ್ಲಿ ಹಿಡಿದರೆ ಹಗುರ, ಬೆರಳಿನಿಂದ ಉಜ್ಜಿದರೆ ಪುಡಿಯಾಗುತ್ತದೆ. ಅದರಲ್ಲಿ ನೊರೆಗಲ್ಲಿನ ಚೂರುಗಳೂ ಇರುತ್ತವೆ. ಇದನ್ನು ಅಲ್ಲಿಯವರು ಶಿರಾಸು ಎನ್ನುತ್ತಾರೆ. ಇದು ನದಿ ತಂದ ಮಣ್ಣಲ್ಲ, ಬಂಡೆ ಸವೆದು ಆದ ಮರಳೂ ಅಲ್ಲ. ಜ್ವಾಲಾಮುಖಿ ಉಗುಳಿದ ಬೂದಿ. ಯಾವ ಬೆಟ್ಟದ ಮೇಲೆ ನಿಂತು ಜನರು ಜ್ವಾಲಾಮುಖಿಯನ್ನು ನೋಡುತ್ತಾರೆಯೋ ಆ ಬೆಟ್ಟವೇ ಅದಕ್ಕಿಂತ ಹಳೆಯದಾದ ಇನ್ನೊಂದು ಮಹಾಸ್ಫೋಟದ ಬೂದಿಯಿಂದ ಆದದ್ದು. ಇದನ್ನು ತಿಳಿಯದೆ ಮೇಲೆ ಹೋದರೆ ಅರ್ಧ ನೋಟ ಮಾತ್ರ ದಕ್ಕುತ್ತದೆ.

2. ಎದುರಿಗೆ ನಿಂತ ಪರ್ವತ

ಬೆಟ್ಟದ ನೆತ್ತಿಯ ಕಟ್ಟೆಯಿಂದ ನೋಡಿದರೆ ಕೆಳಗೆ ನಗರದ ಮನೆಗಳು, ಅವುಗಳ ಆಚೆ ಸಮುದ್ರದ ಕೊಲ್ಲಿ, ಕೊಲ್ಲಿಯ ಆಚೆ ಸುಮಾರು 4 ಕಿಲೋಮೀಟರ್ ದೂರದಲ್ಲಿ ನೀರಿನಿಂದ ನೇರವಾಗಿ ಮೇಲೆದ್ದ ಸಕುರಾಜಿಮಾ ಕಾಣುತ್ತದೆ. ನಗರದಿಂದ ದೋಣಿಯಲ್ಲಿ ಹೋದರೆ 15 ನಿಮಿಷದ ದಾರಿ. ಅದರ ಅತ್ಯುನ್ನತ ಶಿಖರ 1,117 ಮೀಟರ್ ಎತ್ತರವಿದೆ. ಶಿಖರಗಳು ಮುಖ್ಯವಾಗಿ ಮೂರು: ಉತ್ತರದ್ದು, ನಡುವಿನದು, ದಕ್ಷಿಣದ್ದು. ಈಗ ಹೊಗೆಯಾಡುವುದು ದಕ್ಷಿಣದ ಕಡೆಯ ಬಾಯಿಗಳಲ್ಲಿ.

ನಾನು ನಿಂತಿದ್ದ ಹೊತ್ತಿನಲ್ಲಿ ಶಿಖರದಿಂದ ತೆಳುವಾದ ಬಿಳಿಯ ಆವಿ ಏಳುತ್ತಿತ್ತು. ಸ್ವಲ್ಪ ಸಮಯದ ನಂತರ ಅದರ ಬುಡದಲ್ಲಿ ಬೂದುಬಣ್ಣದ ಮುದ್ದೆಯೊಂದು ಕಾಣಿಸಿ, ಹೂಕೋಸಿನಂತೆ ಅರಳುತ್ತ ಮೇಲಕ್ಕೇರಿ, ಗಾಳಿಯ ದಿಕ್ಕಿಗೆ ವಾಲಿತು. ಸದ್ದು ಬಹಳ ಹೊತ್ತಿನ ಮೇಲೆ, ದೂರದ ಗುಡುಗಿನಂತೆ ಕೇಳಿಸಿತು. ನನ್ನ ಪಕ್ಕದಲ್ಲಿ ಕುಳಿತಿದ್ದ ಊರಿನ ಮುದುಕರೊಬ್ಬರು ತಲೆಯೆತ್ತಿ ಒಮ್ಮೆ ನೋಡಿ, ಹೊಗೆ ಯಾವ ಕಡೆಗೆ ಹೋಗುತ್ತಿದೆ ಎಂಬುದನ್ನು ಮಾತ್ರ ಗಮನಿಸಿ, ಮತ್ತೆ ತಮ್ಮ ವೃತ್ತಪತ್ರಿಕೆಗೆ ಮರಳಿದರು. ನಮ್ಮ ರೈತರು ಮುಗಿಲನ್ನು ನೋಡುವ ರೀತಿಯೂ ಇದೇ ಅಲ್ಲವೇ?

ಈ ಕೊಲ್ಲಿಯ ಇತಿಹಾಸವನ್ನು ಭೂವಿಜ್ಞಾನಿಗಳು ಹೀಗೆ ವಿವರಿಸುತ್ತಾರೆ. ಸುಮಾರು 30,000 ವರ್ಷಗಳ ಹಿಂದೆ ಇಲ್ಲಿ ಊಹೆಗೆ ಮೀರಿದ ಸ್ಫೋಟವಾಯಿತು. ನೆಲದೊಳಗಿನ ಶಿಲಾಪಾಕವೆಲ್ಲ ಹೊರಬಿದ್ದಾಗ ಮೇಲಿನ ಚಾವಣಿ ಕುಸಿದು ಸುಮಾರು 20 ಕಿಲೋಮೀಟರ್ ಅಗಲದ ಕಡಾಯಿಯಂತಹ ತಗ್ಗು ಉಂಟಾಯಿತು. ಇಂತಹ ತಗ್ಗನ್ನು ಕಾಲ್ಡೆರಾ ಎನ್ನುತ್ತಾರೆ, ಇದರ ಹೆಸರು ಆಯಿರಾ. ಅದರಲ್ಲಿ ಸಮುದ್ರದ ನೀರು ತುಂಬಿ ಕೊಲ್ಲಿಯ ಒಳಭಾಗವಾಯಿತು. ಆಗ ಬೆಂಕಿಯಂತೆ ಕಾದ ಬೂದಿಯೂ ನೊರೆಗಲ್ಲೂ ಸುತ್ತಲಿನ ನಾಡಿನ ಮೇಲೆ ಹರಿದು ಕಣಿವೆಗಳನ್ನೆಲ್ಲ ಮುಚ್ಚಿದವು. ಅದೇ ಶಿರಾಸು. ಶಿರೋಯಾಮಾ ಆ ಬೂದಿಯ ಬಯಲಿನ ಉಳಿದ ಒಂದು ತುಂಡು. ಕೆಲವು ಸಾವಿರ ವರ್ಷಗಳ ಮೇಲೆ ಆ ಕಡಾಯಿಯ ದಕ್ಷಿಣದ ಅಂಚಿನಲ್ಲಿ ಹೊಸ ಜ್ವಾಲಾಮುಖಿ ಹುಟ್ಟಿತು. ಅದೇ ಸಕುರಾಜಿಮಾ.

3. ಒಂದು ಸಿಡಿಯುತ್ತದೆ, ಒಂದು ಹರಿಯುತ್ತದೆ

ಸಕುರಾಜಿಮಾದ ಬೆಂಕಿಗೂ ನಮ್ಮ ದಖ್ಖಣದ ಕರಿಕಲ್ಲನ್ನು ಹುಟ್ಟಿಸಿದ ಬೆಂಕಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ಅದನ್ನು ಅಡುಗೆಮನೆಯ ಉದಾಹರಣೆಯಿಂದ ತಿಳಿಯಬಹುದು. ತೆಳುವಾದ ಸಾರು ಕುದಿಯುವಾಗ ಗುಳ್ಳೆಗಳು ಎದ್ದು ಸುಮ್ಮನೆ ಒಡೆಯುತ್ತವೆ. ಗಟ್ಟಿಯಾದ ಝುಣಕ ಕುದಿಯುವಾಗ ಗುಳ್ಳೆ ಒಳಗೇ ಸಿಕ್ಕಿಕೊಂಡು, ಕೊನೆಗೆ ಸಿಡಿದು ಕೈಯನ್ನು ಸುಡುತ್ತದೆ. ಶಿಲಾಪಾಕದಲ್ಲಿಯೂ ಹೀಗೆಯೇ. ಅದರಲ್ಲಿ ಸಿಲಿಕಾ ಎಂಬ ಅಂಶ ಹೆಚ್ಚಿದ್ದರೆ ಅದು ಅಂಟುಅಂಟಾಗಿರುತ್ತದೆ. ಅದರಲ್ಲಿ ಕರಗಿದ ಆವಿ ಮತ್ತು ಅನಿಲಗಳು ಸುಲಭವಾಗಿ ಹೊರಬರಲಾರದೆ ಒತ್ತಡ ಬೆಳೆದು ಸ್ಫೋಟವಾಗುತ್ತದೆ. ಸಕುರಾಜಿಮಾ ಈ ಜಾತಿಗೆ ಸೇರಿದ್ದು. ಅಲ್ಲಿ ಫಿಲಿಪ್ಪೀನ್ಸ್ ಸಮುದ್ರದ ತಳದ ಭೂಫಲಕವು ಜಪಾನಿನ ಕೆಳಗೆ ನುಗ್ಗುತ್ತಿರುವುದರಿಂದ ಅದರೊಡನೆ ಹೋದ ನೀರಿನ ಅಂಶವು ಆಳದ ಬಂಡೆಯನ್ನು ಕರಗಿಸುತ್ತದೆ.

ನಮ್ಮ ನೆಲದ ಬಸಾಲ್ಟ್ ಶಿಲೆ ತೆಳುವಾದ ಪಾಕದಿಂದ ಆದದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದ ನೆಲ ಉದ್ದುದ್ದವಾಗಿ ಸೀಳಿ, ಆ ಬಿರುಕುಗಳಿಂದ ಲಾವಾರಸ ಪ್ರವಾಹದಂತೆ ಉಕ್ಕಿ ಹರಿಯಿತು. ಒಂದರ ಮೇಲೊಂದು ಪದರಗಳು ಕೂಡುತ್ತ ಹೋದವು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲದ ಮೇಲೆ ಈ ಶಿಲೆ ಹಾಸಿಕೊಂಡಿದೆ. ಸಹ್ಯಾದ್ರಿಯಲ್ಲಿ ಇದರ ದಪ್ಪ ಕಿಲೋಮೀಟರುಗಳ ಲೆಕ್ಕದಲ್ಲಿದೆ, ಪೂರ್ವಕ್ಕೆ ಬಂದಂತೆ ತೆಳುವಾಗುತ್ತದೆ. ಗುಡ್ಡಗಳ ಪಕ್ಕೆಗಳು ಮೆಟ್ಟಿಲುಮೆಟ್ಟಿಲಾಗಿ ಕಾಣುವುದರಿಂದ ಸ್ವೀಡನ್ ಭಾಷೆಯ ಮೆಟ್ಟಿಲು ಎಂಬ ಅರ್ಥದ ಶಬ್ದದಿಂದ ಇದಕ್ಕೆ ಡೆಕ್ಕನ್ ಟ್ರ್ಯಾಪ್ ಎಂಬ ಹೆಸರು ಬಂದಿತು.

ಬಾವಿ ತೋಡುವಾಗ ನಮ್ಮ ಹಿರಿಯರು ಈ ಪದರಗಳನ್ನು ಕಣ್ಣಾರೆ ಕಂಡಿದ್ದಾರೆ. ಮೇಲೆ ಎರೆ, ಅದರ ಕೆಳಗೆ ಗರಸು ಅಥವಾ ಮುರುಮು, ಅದರ ಕೆಳಗೆ ಗಟ್ಟಿ ಕರಿಕಲ್ಲು, ಮತ್ತೆ ಕೆಲವು ಕಡೆ ಒಂದು ಕೆಂಪು ಮಣ್ಣಿನ ಪಟ್ಟಿ, ಮತ್ತೆ ಕಲ್ಲು. ಆ ಕೆಂಪು ಪಟ್ಟಿಯಲ್ಲಿ ಒಂದು ಕಥೆಯೇ ಅಡಗಿದೆ. ಒಂದು ಲಾವಾ ಪ್ರವಾಹ ಬಂದು ತಣಿದ ಮೇಲೆ ಬಹುಕಾಲ ಬೆಂಕಿ ಸುಮ್ಮನಿತ್ತು. ಕಲ್ಲಿನ ಮೇಲ್ಮೈ ಬಿಸಿಲು ಮಳೆಗೆ ಸವೆದು ಮಣ್ಣಾಯಿತು. ಅನಂತರ ಇನ್ನೊಂದು ಪ್ರವಾಹ ಬಂದು ಅದನ್ನು ಮುಚ್ಚಿತು. ಪುಸ್ತಕದ ಎರಡು ಅಧ್ಯಾಯಗಳ ನಡುವಣ ಖಾಲಿ ಹಾಳೆಯಂತೆ ಆ ಪಟ್ಟಿ ಎರಡು ಪ್ರವಾಹಗಳ ನಡುವಿನ ಬಿಡುವನ್ನು ತೋರಿಸುತ್ತದೆ.

ಸಕುರಾಜಿಮಾದ ಪುಸ್ತಕ ಇನ್ನೂ ಬರೆಯಲ್ಪಡುತ್ತಿದೆ, ನಮ್ಮದು ಮುಗಿದಿದೆ. ನಮ್ಮ ನೆಲದಲ್ಲಿ ಮತ್ತೆ ಜ್ವಾಲಾಮುಖಿ ಏಳುವ ಭಯವಿಲ್ಲ. ದಖ್ಖಣದ ಬೆಂಕಿಗೆ ಕಾರಣವಾದ ಆಳದ ಬಿಸಿತಾಣವು ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ ಎಂದು ಅನೇಕ ಭೂವಿಜ್ಞಾನಿಗಳು ಹೇಳುತ್ತಾರೆ. ಆ ತಾಣ ಸರಿದುಬಂದದ್ದಲ್ಲ, ಭಾರತದ ಫಲಕವೇ ಅದರ ಮೇಲಿನಿಂದ ಉತ್ತರಕ್ಕೆ ಜರುಗಿತು.

4. 1914ರ ಪಾಠ

ಸಕುರಾಜಿಮಾ ಹಿಂದೆ ನಿಜವಾಗಿಯೂ ದ್ವೀಪವಾಗಿತ್ತು. 1914ರ ಜನವರಿಯಲ್ಲಿ ಅದರ ಮೇಲಿನ ಹಳ್ಳಿಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ವಾಸವಾಗಿದ್ದರು. ಆ ತಿಂಗಳ 11ನೆಯ ತಾರೀಖಿನ ಹೊತ್ತಿಗೆ ನೆಲ ಮೇಲಿಂದ ಮೇಲೆ ನಡುಗತೊಡಗಿತು. ಬಾವಿಗಳ ನೀರಿನಲ್ಲಿ ಏರಿಳಿತ ಕಂಡಿತು. ಕೆಲವು ಕಡೆ ನೀರು ಬಿಸಿಯಾಯಿತು. 1779ರಲ್ಲಿ ನಡೆದ ಮಹಾಸ್ಫೋಟದ ಮುನ್ನವೂ ಹೀಗೆಯೇ ಆಗಿತ್ತೆಂದು ಹಿರಿಯರಿಂದ ಕೇಳಿದ್ದ ಅನೇಕರು ಗಂಟುಮೂಟೆ ಕಟ್ಟಿ ದೋಣಿ ಹತ್ತಿದರು. ಆದರೆ ಗ್ರಾಮದ ಮುಖ್ಯಸ್ಥರು ನಗರದ ಹವಾಮಾನ ವೀಕ್ಷಣಾಲಯವನ್ನು ವಿಚಾರಿಸಿದಾಗ, ಈ ಕಂಪನಗಳ ಮೂಲ ಸಕುರಾಜಿಮಾದಲ್ಲಿಲ್ಲ, ಸ್ಫೋಟದ ಭಯವಿಲ್ಲ ಎಂಬ ಉತ್ತರ ಬಂದಿತು. ಆ ಕಾಲದಲ್ಲಿ ಅಲ್ಲಿದ್ದ ಉಪಕರಣಗಳು ಅತ್ಯಲ್ಪ. ಅಷ್ಟರಿಂದ ಕಂಪನದ ಮೂಲವನ್ನು ಖಚಿತವಾಗಿ ಗುರುತಿಸುವುದು ಸಾಧ್ಯವಿರಲಿಲ್ಲ. ಆದರೂ ಆ ಮಾತನ್ನು ನಂಬಿ ಕೆಲವರು ಉಳಿದುಕೊಂಡರು.

ಜನವರಿ 12ರಂದು ಬೆಳಿಗ್ಗೆ 10 ಗಂಟೆಯ ಸುಮಾರಿಗೆ ಪರ್ವತದ ಎರಡು ಬದಿಗಳೂ ಸೀಳಿದವು. ಉಳಿದವರಲ್ಲಿ ಹಲವರು ದೋಣಿ ಸಿಕ್ಕದೆ ಚಳಿಗಾಲದ ಸಮುದ್ರಕ್ಕೆ ಹಾರಬೇಕಾಯಿತು. ಕೆಲವರು ಮುಳುಗಿದರು. ಅದೇ ಸಂಜೆ ದೊಡ್ಡ ಭೂಕಂಪವಾಗಿ ನಗರದಲ್ಲಿಯೂ ಮನೆಗಳು ಬಿದ್ದವು. ಸತ್ತವರು ಮತ್ತು ಕಾಣೆಯಾದವರು ಒಟ್ಟು 58 ಮಂದಿ. ಲಾವಾರಸ ಹರಿಯುತ್ತ ಹರಿಯುತ್ತ ದ್ವೀಪಕ್ಕೂ ಪೂರ್ವದ ಓಸುಮಿ ಪರ್ಯಾಯದ್ವೀಪಕ್ಕೂ ನಡುವೆ ಇದ್ದ ಜಲಸಂಧಿಯನ್ನು ಮೂರು ವಾರ ಕಳೆಯುವುದರೊಳಗೆ ತುಂಬಿಬಿಟ್ಟಿತು. ದ್ವೀಪವು ನೆಲಕ್ಕೆ ಅಂಟಿಕೊಂಡಿತು. ಕುರೋಕಾಮಿ ಎಂಬ ಹಳ್ಳಿಯ ದೇವಸ್ಥಾನದ ಮುಂದಿದ್ದ ಸುಮಾರು 3 ಮೀಟರ್ ಎತ್ತರದ ಕಲ್ಲಿನ ಮಹಾದ್ವಾರ ಬೂದಿಯಲ್ಲಿ ಹೂತುಹೋಗಿ ಮೇಲಿನ ಒಂದು ಮೀಟರಿನಷ್ಟು ಭಾಗ ಮಾತ್ರ ಹೊರಗುಳಿಯಿತು. ಮುಂದಿನ ತಲೆಮಾರುಗಳು ನೋಡಲೆಂದು ಅದನ್ನು ಅಗೆಯದೆ ಹಾಗೆಯೇ ಬಿಟ್ಟಿದ್ದಾರೆ.

ಹತ್ತು ವರ್ಷಗಳ ಮೇಲೆ, 1924ರಲ್ಲಿ, ಹಿಗಾಶಿ-ಸಕುರಾಜಿಮಾ ಪ್ರಾಥಮಿಕ ಶಾಲೆಯ ಆವರಣದಲ್ಲಿ ಒಂದು ಕಲ್ಲಿನ ಶಾಸನವನ್ನು ನಿಲ್ಲಿಸಿದರು. ಅದರ ತಾತ್ಪರ್ಯ ಹೀಗಿದೆ: ನೆಲದಲ್ಲಿ ಅಸಹಜವಾದ ಚಿಹ್ನೆಗಳು ಕಂಡುಬಂದರೆ ಸಿದ್ಧಾಂತವನ್ನೇ ನಂಬಿ ಕೂಡದೆ ಮುಂಚೆಯೇ ಹೊರಡುವ ಸಿದ್ಧತೆ ಮಾಡಬೇಕು, ಯಾವಾಗ ಕಷ್ಟ ಬಂದರೂ ದಿಕ್ಕುಗೆಡದಂತೆ ದಿನನಿತ್ಯ ಉಳಿತಾಯ ಮಾಡಬೇಕು. ಈ ಶಾಸನವನ್ನು ಜನರು ವಿಜ್ಞಾನದ ಮೇಲಿನ ಅಪನಂಬಿಕೆಯ ಕಲ್ಲು ಎಂದೂ ಕರೆಯುವುದುಂಟು.

ಶಾಲೆಯ ಅಂಗಳದಲ್ಲಿ ವಿಜ್ಞಾನವನ್ನು ನಂಬಬೇಡಿ ಎಂಬ ಕಲ್ಲೇ? ಮೊದಲಿಗೆ ಇದು ವಿಚಿತ್ರವೆನಿಸುತ್ತದೆ. ಆದರೆ ಮುಂದೆ ನಡೆದದ್ದನ್ನು ನೋಡಿದರೆ ಅದರ ನಿಜವಾದ ಅರ್ಥ ಹೊಳೆಯುತ್ತದೆ. ಅಲ್ಲಿಯ ಜನ ವಿಜ್ಞಾನವನ್ನು ಬಿಡಲಿಲ್ಲ, ಅದನ್ನು ಬೆಳೆಸಿದರು. ಸ್ಫೋಟದ ಮೊದಲು ಮತ್ತು ಅನಂತರ ಕೊಲ್ಲಿಯ ಸುತ್ತಲಿನ ನೆಲದ ಎತ್ತರವನ್ನು ಅಳೆದಾಗ ನೆಲ ಕುಸಿದಿರುವುದು ತಿಳಿಯಿತು. 1958ರಲ್ಲಿ ಮೋಗಿ ಎಂಬ ವಿಜ್ಞಾನಿ ಇಂತಹ ಅಳತೆಗಳಿಂದ, ನೆಲದಾಳದಲ್ಲಿ ಶಿಲಾಪಾಕ ತುಂಬಿದಾಗ ಮೇಲಿನ ನೆಲ ಹೇಗೆ ಉಬ್ಬುತ್ತದೆ, ಖಾಲಿಯಾದಾಗ ಹೇಗೆ ತಗ್ಗುತ್ತದೆ ಎಂಬುದರ ಲೆಕ್ಕವನ್ನು ಕೊಟ್ಟರು. ಜಗತ್ತಿನ ಜ್ವಾಲಾಮುಖಿ ವಿಜ್ಞಾನಿಗಳು ಇಂದಿಗೂ ಆ ಲೆಕ್ಕವನ್ನು ಬಳಸುತ್ತಾರೆ. 1960ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ವೀಕ್ಷಣಾಲಯ ಸಕುರಾಜಿಮಾದಲ್ಲಿಯೇ ಆರಂಭವಾಯಿತು. ಪರ್ವತದ ಮಗ್ಗುಲಲ್ಲಿ ಸುರಂಗ ಕೊರೆದು, ನೆಲದ ಅತಿ ಸೂಕ್ಷ್ಮವಾದ ವಾಲುವಿಕೆಯನ್ನೂ ಗುರುತಿಸುವ ಉಪಕರಣಗಳನ್ನು ಇರಿಸಿದ್ದಾರೆ.

2022ರ ಜುಲೈ 24ರ ರಾತ್ರಿ ಸ್ಫೋಟದ ಕಲ್ಲುಗಳು ದೂರಕ್ಕೆ ಸಿಡಿದಾಗ ಎಚ್ಚರಿಕೆಯ ಮಟ್ಟವನ್ನು ಅತ್ಯುನ್ನತವಾದ 5ಕ್ಕೆ ಏರಿಸಿ, ಹತ್ತಿರದ ಸುಮಾರು 50 ಜನರನ್ನು ತೆರವುಗೊಳಿಸಿದರು. ಮೂರು ದಿನಗಳಲ್ಲಿ ಅದನ್ನು 3ಕ್ಕೆ ಇಳಿಸಿದರು. 1914ರಲ್ಲಿ ತಗ್ಗಿದ ನೆಲ ಈಗ ಬಹುಪಾಲು ಮತ್ತೆ ಏರಿದೆ. ಆದ್ದರಿಂದ ಇನ್ನೊಂದು ದೊಡ್ಡ ಸ್ಫೋಟ ಬಂದೇ ಬರುತ್ತದೆಂದು ಅಲ್ಲಿಯವರು ಲೆಕ್ಕ ಹಾಕಿ ಕಾಯುತ್ತಿದ್ದಾರೆ. ಸಿದ್ಧಾಂತವು ಕಣ್ಣು ಕಿವಿಗಳಿಗೆ ಬದಲಾಗಲಾರದು, ಅವುಗಳಿಗೆ ನೆರವಾಗಬೇಕು. ಆ ಶಾಸನದ ಅರ್ಥವನ್ನು ನಾನು ಹೀಗೆ ಗ್ರಹಿಸಿದ್ದೇನೆ.

5. ಬೂದಿಯೊಡನೆ ಬಾಳುವೆ

1955ರಿಂದ ಸಕುರಾಜಿಮಾ ಹೆಚ್ಚುಕಡಿಮೆ ನಿರಂತರವಾಗಿ ಬೂದಿ ಉಗುಳುತ್ತಿದೆ. ಕೆಲವು ವರ್ಷ ನೂರಾರು ಸ್ಫೋಟಗಳಾಗುತ್ತವೆ. 2013ರ ಆಗಸ್ಟ್ 18ರಂದು ಬೂದಿಯ ಕಂಬ 5,000 ಮೀಟರ್ ಮೇಲೇರಿ ನಗರದ ಮೇಲೆ ಹಗಲಿನಲ್ಲಿಯೇ ಕತ್ತಲೆ ಕವಿಯಿತು. ಆದರೂ ಕೆಲವು ಸಾವಿರ ಜನ ಆ ಪರ್ವತದ ಬುಡದಲ್ಲಿಯೇ ಬಾಳುತ್ತಿದ್ದಾರೆ. ಹವಾಮಾನ ವರದಿಯಲ್ಲಿ ಮಳೆ ಬಿಸಿಲುಗಳ ಜೊತೆಗೆ ಶಿಖರದ ಮೇಲಿನ ಗಾಳಿ ಯಾವ ಕಡೆಗೆ ಬೀಸುತ್ತದೆ ಎಂಬುದನ್ನೂ ತಿಳಿಸುತ್ತಾರೆ. ಅದನ್ನು ಕೇಳಿಯೇ ಹೆಂಗಸರು ಬಟ್ಟೆ ಒಣಹಾಕುತ್ತಾರೆ. ಬಿದ್ದ ಬೂದಿಯನ್ನು ಗುಡಿಸಿ ತುಂಬಲು ನಗರಸಭೆ ಮನೆಮನೆಗೆ ಹಳದಿ ಚೀಲಗಳನ್ನು ಕೊಡುತ್ತದೆ. ತುಂಬಿದ ಚೀಲಗಳನ್ನು ಗೊತ್ತಾದ ಜಾಗದಲ್ಲಿ ಇಟ್ಟರೆ ಗಾಡಿ ಬಂದು ಒಯ್ಯುತ್ತದೆ. ಸಮಾಧಿಗಳ ಮೇಲೆ ಬೂದಿ ಬೀಳಬಾರದೆಂದು ಅವುಗಳಿಗೂ ಚಾವಣಿ ಕಟ್ಟಿದ್ದಾರೆ. ರಸ್ತೆಯ ಬದಿಗಳಲ್ಲಿ ಸಿಡಿಯುವ ಕಲ್ಲಿನಿಂದ ರಕ್ಷಣೆಗೆ ಕಾಂಕ್ರೀಟಿನ ಆಸರೆಗಳಿವೆ. ಮಕ್ಕಳು ಶಾಲೆಗೆ ಹಳದಿ ಶಿರಸ್ತ್ರಾಣ ಧರಿಸಿ ಹೋಗುವುದು ಅಲ್ಲಿಯ ರೂಢಿ. ಊರು ತೆರವು ಮಾಡುವ ಅಭ್ಯಾಸವನ್ನು ಪ್ರತಿ ವರ್ಷವೂ ನಡೆಸುತ್ತಾರೆ. ಭಯವನ್ನು ಭಕ್ತಿಯಿಂದಲ್ಲ, ಅಭ್ಯಾಸದಿಂದ ಗೆಲ್ಲುವ ಕ್ರಮ ಇದು.

6. ಬೆಂಕಿ ಕೊಟ್ಟ ಎರಡು ಮಣ್ಣು

ಬೆಂಕಿಯಿಂದ ಹುಟ್ಟಿದ ಮಣ್ಣೆಲ್ಲ ಒಂದೇ ಬಗೆಯಲ್ಲ. ಶಿರಾಸು ಸೂಕ್ಷ್ಮ ರಂಧ್ರಗಳಿಂದ ತುಂಬಿದ ಗಾಜಿನ ಪುಡಿಯಂತಹ ವಸ್ತು, ನೀರನ್ನು ಹಿಡಿಯುವುದಿಲ್ಲ. ವರ್ಷಕ್ಕೆ ಸುಮಾರು 2,400 ಮಿಲಿಮೀಟರ್ ಮಳೆ ಬಿದ್ದರೂ ಆ ದಿಬ್ಬಗಳಲ್ಲಿ ಭತ್ತ ನಿಲ್ಲುತ್ತಿರಲಿಲ್ಲ. 1705ರಲ್ಲಿ ಮಯೆದಾ ರಿಯೆಮೊನ್ ಎಂಬಾತನು ರ್ಯೂಕ್ಯೂ ದ್ವೀಪಗಳಿಂದ ಗೆಣಸನ್ನು ತಂದು ಬೆಳೆಸಿದನೆಂದು ಆ ನಾಡು ಅವನನ್ನು ಸ್ಮರಿಸುತ್ತದೆ. ಗೆಣಸಿಗೆ ನೀರು ಬಸಿದುಹೋಗುವ ನೆಲವೇ ಬೇಕು. ಅಂದಿನಿಂದ ಬಡವರ ಹೊಟ್ಟೆ ತುಂಬಿಸಿದ್ದು ಗೆಣಸು. ಸಕುರಾಜಿಮಾದ ಮಣ್ಣಿನಲ್ಲಿ ಜಗತ್ತಿನಲ್ಲಿಯೇ ಅತಿ ದೊಡ್ಡದಾದ ಮೂಲಂಗಿ ಬೆಳೆಯುತ್ತದೆ. 2003ರಲ್ಲಿ ದಾಖಲೆಯಾದ ಒಂದು ಗಡ್ಡೆ 31.1 ಕಿಲೋಗ್ರಾಂ ತೂಗಿತು. ಅದೇ ಬುಡದಲ್ಲಿ ನಿಂಬೆಗಿಂತ ಹೆಚ್ಚು ದೊಡ್ಡದಲ್ಲದ ಪುಟ್ಟ ಕಿತ್ತಳೆಯೂ ಬೆಳೆಯುತ್ತದೆ.

ನಮ್ಮ ಎರೆಯ ಗುಣ ಇದಕ್ಕೆ ತೀರ ವಿರುದ್ಧ. ಬಸಾಲ್ಟ್ ಕೊಳೆತು ಆದ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬಿರುಕಿನೊಳಗೆ ಮೇಲಿನ ಮಣ್ಣು ಬೀಳುವುದರಿಂದ ನೆಲ ತನ್ನನ್ನು ತಾನೇ ಉತ್ತುಕೊಂಡಂತಾಗುತ್ತದೆ. ಸೊಲ್ಲಾಪುರ ಜಿಲ್ಲೆಯಲ್ಲಿ ವರ್ಷದ ಮಳೆ ಅದಕ್ಕಿಂತ ಬಹಳ ಕಡಿಮೆ. ಆದರೂ ಮಳೆ ನಿಂತ ಮೇಲೆ ಬಿತ್ತಿದ ಹಿಂಗಾರಿ ಜೋಳವು ಎರೆಯಲ್ಲಿ ಅಡಗಿದ ತೇವದಿಂದಲೇ ತೆನೆಗಟ್ಟುತ್ತದೆ. ನಮ್ಮ ಜಿಲ್ಲೆಯ ಮೋಹೋಳದಲ್ಲಿ ಆಯ್ದು ಬೆಳೆಸಿದ ಮಾಲದಂಡಿ ಜೋಳ ಇಂತಹ ನೆಲಕ್ಕೆ ಹೇಳಿ ಮಾಡಿಸಿದ ತಳಿ. ಅಲ್ಲಿ ಗೆಣಸು, ಇಲ್ಲಿ ಜೋಳ. ಎರಡೂ ಕಡೆ ಜನರು ಮಣ್ಣಿನ ಸ್ವಭಾವವನ್ನು ಅರಿತು ಬೆಳೆಯನ್ನು ಆರಿಸಿಕೊಂಡರು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಶಿವಯೋಗಿ ಸಿದ್ಧರಾಮೇಶ್ವರರ ಕಾಯಕವೂ ಮಳೆ ಕಡಿಮೆಯಾದ ಈ ಕರಿಕಲ್ಲಿನ ಸೀಮೆಯ ಅಗತ್ಯವನ್ನು ಅರಿತ ಕಾಯಕವೇ.

7. ನಮ್ಮ ನೆಲದ ಸಾಕ್ಷ್ಯ

ಮಣ್ಣನ್ನು ಅರಿತಂತೆ ನೆಲದ ಅಪಾಯವನ್ನೂ ಅರಿತಿದ್ದೇವೆಯೇ? ಇಲ್ಲಿ 1993ನೆಯ ಇಸವಿಯನ್ನು ನೆನೆಯಬೇಕು. ಆ ವರ್ಷದ ಆಗಸ್ಟ್ 6ರಂದು ಕಾಗೋಶಿಮಾದಲ್ಲಿ ಭಾರಿ ಮಳೆಯಾಗಿ ಶಿರಾಸು ದಿಬ್ಬಗಳು ಕುಸಿದು ಹಲವಾರು ಜನ ಪ್ರಾಣ ಕಳೆದುಕೊಂಡರು. ಎರಡು ತಿಂಗಳು ಕಳೆಯುವ ಮೊದಲೇ, ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದ ಹೊತ್ತಿನಲ್ಲಿ, ಅಕ್ಕಲಕೋಟೆಯಿಂದ ಸುಮಾರು 70 ಕಿಲೋಮೀಟರ್ ದೂರದ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಸುಮಾರು 10,000 ಜನ ಸತ್ತರು. ಆ ನಡುಕವನ್ನು ನಮ್ಮ ಊರುಗಳ ಹಿರಿಯರು ಇಂದಿಗೂ ಮರೆತಿಲ್ಲ.

ಕಿಲ್ಲಾರಿಯ ಭೂಕಂಪಕ್ಕೂ ಜ್ವಾಲಾಮುಖಿಗೂ ಸಂಬಂಧವಿಲ್ಲ. ಮುಂದೆ ಅಲ್ಲಿ ಕೊಳವೆ ಕೊರೆದು ನೋಡಿದಾಗ ಕರಿಕಲ್ಲಿನ ಪದರಗಳು ಸುಮಾರು 340 ಮೀಟರಿಗೆ ಮುಗಿದು, ಅದರ ಕೆಳಗೆ ಅತಿ ಪ್ರಾಚೀನವಾದ ಬೇರೆ ಬಂಡೆ ಇರುವುದು ಕಂಡಿತು. ಆ ಹಳೆಯ ಬಂಡೆಯಲ್ಲಿನ ಬಿರುಕು ಜರುಗಿದ್ದೇ ಕಂಪನಕ್ಕೆ ಕಾರಣ. ಲಾವಾದ ಹಾಸಿಗೆ ಆ ಬಿರುಕನ್ನು ಮುಚ್ಚಿದ್ದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1992ರಲ್ಲಿ ಅಲ್ಲಿ ಚಿಕ್ಕ ಚಿಕ್ಕ ಕಂಪನಗಳು ಆಗಿದ್ದವು. ಚಿಕ್ಕ ಕಂಪನವಾದ ಕಡೆಯಲ್ಲೆಲ್ಲ ದೊಡ್ಡದು ಬರುವುದಿಲ್ಲ. ಭೂಕಂಪದ ದಿನ ಗಂಟೆಗಳನ್ನು ಮುಂದಾಗಿ ಹೇಳುವ ವಿದ್ಯೆ ಇಂದಿಗೂ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಆದರೆ ಜನರನ್ನು ಕೊಂದದ್ದು ಕಂಪನಕ್ಕಿಂತ ಹೆಚ್ಚಾಗಿ ಗೋಡೆಗಳು. ದಪ್ಪನೆಯ ಉಂಡೆಗಲ್ಲುಗಳನ್ನು ಬರಿಯ ಮಣ್ಣಿನಿಂದ ಜೋಡಿಸಿ, ಮೇಲೆ ಭಾರವಾದ ಮಣ್ಣಿನ ಮಾಳಿಗೆ ಹಾಕಿದ ಮನೆಗಳು ಮಲಗಿದವರ ಮೇಲೆ ಕುಸಿದವು. ಅಂತಹ ಮನೆಗಳು ನಮ್ಮ ಸೀಮೆಯಲ್ಲಿ ಈಗಲೂ ಇಲ್ಲದಿಲ್ಲ. ಬೇಸಗೆಯಲ್ಲಿ ಅವು ತಂಪು, ಅದು ನಿಜ. ಆದರೆ ಗೋಡೆಯ ಎರಡು ಮೈಗಳನ್ನು ಹಿಡಿದಿಡುವ ಅಡ್ಡಗಲ್ಲುಗಳು, ಬಾಗಿಲ ಮೇಲಿನ ಮಟ್ಟದಲ್ಲಿ ಮನೆಯ ಸುತ್ತ ಹಾಯುವ ಕಾಂಕ್ರೀಟಿನ ಪಟ್ಟಿ, ಮಾಳಿಗೆಯ ಭಾರದ ಇಳಿಕೆ, ಇಷ್ಟನ್ನು ಮಾಡಿದರೆ ಅದೇ ಕರಿಕಲ್ಲಿನ ಮನೆ ಪ್ರಾಣ ಉಳಿಸಬಲ್ಲದು. ಈ ಅರಿವು ಮನೆಯಿಂದ ಮನೆಗೆ ಹೋಗಬೇಕಾದರೆ ಮೊದಲು ಶಾಲೆಯಿಂದ ಮನೆಗೆ ಹೋಗಬೇಕು, ಮತ್ತು ಮನೆಯ ಭಾಷೆಯಲ್ಲಿ ಹೋಗಬೇಕು.

ಗಡಿನಾಡಿನ ಕನ್ನಡ ಶಾಲೆ ಏಕೆ ಬೇಕು ಎಂಬ ಪ್ರಶ್ನೆಯನ್ನು ನಮ್ಮವರೇ ಎಷ್ಟೋ ಸಲ ಕೇಳುತ್ತಾರೆ. ಎರೆ, ಗರಸು, ಹಿಂಗಾರಿ, ಮಾಳಿಗೆ, ಇವು ನಮ್ಮ ಮಕ್ಕಳು ಮನೆಯಲ್ಲಿ ಕೇಳುವ ಶಬ್ದಗಳು. ಇದೇ ಶಬ್ದಗಳಿಂದ ಆರಂಭಿಸಿ ಬಸಾಲ್ಟ್, ಶಿಲಾಪಾಕ, ಭೂಫಲಕಗಳವರೆಗೆ ಮಗುವನ್ನು ನಡೆಸಿಕೊಂಡು ಹೋಗುವ ಶಾಲೆ ನಮಗೆ ಬೇಕು. ಮರಾಠಿಯೂ ಇಂಗ್ಲಿಷೂ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯ ಶಬ್ದವನ್ನೂ ಪುಸ್ತಕದ ಶಬ್ದವನ್ನೂ ಬೆಸೆಯದಿದ್ದರೆ ಕಲಿತದ್ದು ಪರೀಕ್ಷೆಯ ಹಾಳೆಯಲ್ಲಿಯೇ ಉಳಿದುಬಿಡುತ್ತದೆ.

8. ವಿದ್ಯಾರ್ಥಿಗಳಿಗೆ ಅಭ್ಯಾಸ

ಈ ಪಾಠವನ್ನು ಓದಿದ ವಿದ್ಯಾರ್ಥಿ ಮಿತ್ರರು ಕೆಳಗಿನ ಕೆಲಸಗಳನ್ನು ಮಾಡಿ ನೋಡಬೇಕೆಂದು ನನ್ನ ಪ್ರಾರ್ಥನೆ. ಇವಕ್ಕೆ ಹಣ ಬೇಕಿಲ್ಲ, ಜಪಾನಿಗೂ ಹೋಗಬೇಕಿಲ್ಲ.

ಒಂದು: ಹಿರಿಯರನ್ನು ಜೊತೆಗೆ ಕರೆದುಕೊಂಡು ಊರಿನ ಹಳೆಯ ತೆರೆದ ಬಾವಿಗೆ ಹೋಗಿ, ದಂಡೆಯಿಂದ ದೂರ ನಿಂತು ಅದರ ಎದುರುಗೋಡೆಯ ಪದರಗಳ ಚಿತ್ರ ಬರೆಯಿರಿ. ಕೆಂಪು ಪಟ್ಟಿ ಕಂಡರೆ ಗುರುತು ಹಾಕಿರಿ.

ಎರಡು: ಒಂದು ಹಿಡಿ ಎರೆಯನ್ನೂ ಒಂದು ಹಿಡಿ ಹಳ್ಳದ ಮರಳನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಕಟ್ಟಿ ಸಮನಾದ ನೀರು ಹಾಕಿರಿ. ಯಾವುದರಿಂದ ನೀರು ಬೇಗ ಬಸಿಯುತ್ತದೆ, ಯಾವುದು ಉಬ್ಬುತ್ತದೆ ಎಂಬುದನ್ನು ಬರೆದಿಡಿರಿ.

ಮೂರು: 1993ರ ಭೂಕಂಪವನ್ನು ಕಂಡ ಮನೆಯ ಅಜ್ಜ ಅಜ್ಜಿಯರನ್ನು ಕೂಡಿಸಿಕೊಂಡು ಅವರ ಮಾತುಗಳನ್ನು ಅವರದೇ ಭಾಷೆಯಲ್ಲಿ ಬರೆದುಕೊಳ್ಳಿರಿ. ಅಂತಹ ನೆನಪೇ 1914ರಲ್ಲಿ ಸಕುರಾಜಿಮಾದ ಎಷ್ಟೋ ಜನರ ಪ್ರಾಣ ಉಳಿಸಿತು.

ನಾಲ್ಕು: ನಿಮ್ಮ ಮನೆಯ ಗೋಡೆ ಯಾವುದರಿಂದ ಕಟ್ಟಿದೆ, ಮಾಳಿಗೆಯ ಭಾರ ಎಷ್ಟು, ರಾತ್ರಿ ನೆಲ ನಡುಗಿದರೆ ಬಯಲಿಗೆ ಬರುವ ದಾರಿ ಯಾವುದು ಎಂಬುದನ್ನು ಮನೆಯವರೆಲ್ಲ ಕೂಡಿ ಒಂದು ಸಂಜೆ ಮಾತಾಡಿರಿ.

ಈ ನಾಲ್ಕರ ಉತ್ತರಗಳನ್ನು ಒಂದು ವಹಿಯಲ್ಲಿ ಬರೆದು ಶಾಲೆಯ ಗ್ರಂಥಾಲಯದಲ್ಲಿ ಇರಿಸಿದರೆ, ನಮ್ಮ ಶಾಲೆ ನೂರು ವರ್ಷ ತುಂಬುವ ಹೊತ್ತಿಗೆ ಅದು ನಮ್ಮ ಊರುಗಳ ನೆಲದ ಚರಿತ್ರೆಯೇ ಆಗಿರುತ್ತದೆ.